ಕಟ್ಟೆ ಏರಿ ಹಿಂದೆ ಒದ್ದೆ ಕಾಣಿಸ್ತಿದ್ಯಾ? ಸಿಮೆಂಟ್ ಕಲಸೋಕೆ ಮುಂಚೆ ಇದನ್ನ ಓದಿ

ಕನಕಪುರ ರೋಡಲ್ಲಿ ಕಗ್ಗಲೀಪುರ ದಾಟಿ ಸ್ವಲ್ಪ ಒಳಗೆ ಹೋದ್ರೆ ನಮ್ಮ ಸೋದರಮಾವನ ತೋಟ, ತೋಟದ ತಲೆಯಲ್ಲಿ ತಾತನ ಕಾಲದ ಒಂದು ಕಟ್ಟೆ. ಸರ್ಕಾರದ ಕೆರೆ ಅಲ್ಲ, ಸ್ವಂತದ್ದು, ಎರಡು ದಿಣ್ಣೆ ಮಧ್ಯದ ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿ ನೀರು ನಿಲ್ಸಿರೋದು. ಏರಿ ಹಿಂದೆ ಅಂದ್ರೆ ನೀರಿಲ್ಲದ, ತಗ್ಗಿನ ಕಡೆ. ಏರಿ ಎತ್ತರ ಹದಿನಾರು ಅಡಿ, ಉದ್ದ ಮುನ್ನೂರು ಅಡಿ ಚಿಲ್ರೆ, ತುಂಬಿದ್ರೆ ಎರಡು ಎಕರೆ ನೀರು. ಎಂಬತ್ತರ ದಶಕದಲ್ಲಿ ಕಟ್ಟಿದ್ದು, ಪ್ಲಾನ್ ಇಲ್ಲ, ಡ್ರಾಯಿಂಗ್ ಇಲ್ಲ, ಮಣ್ಣು ಹೊತ್ತವರಲ್ಲಿ ಈಗ ಇರೋದು ಊರಲ್ಲಿ ಒಬ್ರೇ ತಾತ, ಅವರಿಗೂ ಕಿವಿ ಸರಿಯಾಗಿ ಕೇಳಲ್ಲ. ಕಟ್ಟಿದಾಗ ಏರಿ ಕೆಳಗೆ ರಾಗಿ ಹೊಲ ಇತ್ತು. ಈಗ ಲೇಔಟು, ನಲವತ್ತು ಮನೆ.

ಹೋದ ವರ್ಷ ಚಿತ್ತೆ ಮಳೆ ಟೈಮಲ್ಲಿ ಮಾವ ವಾಟ್ಸಾಪಲ್ಲಿ ಹನ್ನೆರಡು ಸೆಕೆಂಡಿನ ವಿಡಿಯೋ ಕಳ್ಸಿದ್ರು, "ನೋಡೋ, ಏರಿ ಹಿಂದೆ ಜಿನುಗ್ತಾ ಇದೆ, ಎರಡು ಮೂಟೆ ಸಿಮೆಂಟ್ ಸಾಕಾ?" ನಾನು ಸಿವಿಲ್ ಡಿಪ್ಲೊಮಾ, ಅಪಾರ್ಟ್‌ಮೆಂಟ್ ಸೈಟುಗಳಲ್ಲಿ ಹನ್ನೊಂದು ವರ್ಷದಿಂದ ಬೇಸ್‌ಮೆಂಟ್ ಲೀಕೇಜ್ ಜೊತೆ ಗುದ್ದಾಡ್ತಿರೋನು, ಹಿಂದೆ ಮುಂದೆ ನೋಡ್ದೆ ಸಾಕು ಮಾವ ಅಂದ್ಬಿಟ್ಟೆ. ಬಳಿದ್ರು. ಮೂರನೇ ದಿನಕ್ಕೆ ಆ ಜಾಗ ಒಣಗ್ತು, ಎಂಟು ಅಡಿ ಎಡಕ್ಕೆ ಹೊಸದಾಗಿ ಜಿನುಗೋಕೆ ಶುರುವಾಯ್ತು, ಮೊದಲಿಗಿಂತ ಜೋರಾಗಿ. ಬೇಸ್‌ಮೆಂಟ್ ಗೋಡೆ ಬೇರೆ, ಮಣ್ಣಿನ ಏರಿ ಬೇರೆ ಅಂತ ಆಗ ಬುದ್ಧಿ ಬಂತು. ಮಣ್ಣಿನ ಏರಿ ಅಂದ್ಮೇಲೆ ಸ್ವಲ್ಪ ಜಿನುಗೇ ಜಿನುಗುತ್ತೆ, ಅದು ರೋಗ ಅಲ್ಲ, ನೀರಿನ ಜೊತೆ ಮಣ್ಣು ಬಂದ್ರೆ ಅದು ರೋಗ. ಹೊರಗಡೆ ಬಾಯಿ ಮುಚ್ಚಿದ್ರೆ ನೀರು ಒಳಗೇ ಒತ್ತಡ ಕಟ್ಕೊಂಡು ಇನ್ನೊಂದು ದಾರಿ ಹುಡುಕ್ಕೊಳ್ಳುತ್ತೆ, ಆ ದಾರಿ ನಿಮಗೆ ಕಾಣೋ ಕಡೆನೇ ಇರ್ಬೇಕು ಅಂತೇನಿಲ್ಲ.

ಓದೋದು ಬಿಟ್ಟು ಎದ್ದು ಓಡಬೇಕಾದ ಲಕ್ಷಣಗಳು

ಟೀ ಬಣ್ಣದ ಕೆಸರು ನೀರು ಬರ್ತಿದೆ, ಏರಿ ಬುಡದಲ್ಲಿ ಬುಗ್ಗೆ ಥರ ಕುದೀತಾ ಸುತ್ತ ಮರಳು ಇರುವೆ ಗೂಡಿನ ಹಾಗೆ ಗುಡ್ಡೆ ಆಗ್ತಿದೆ, ಏರಿ ಮೇಲೆ ಎಲ್ಲೋ ಗುಂಡಿ ಬಿದ್ದಿದೆ, ನೀರಿನ ಕಡೆ ಸುಳಿ ತಿರುಗ್ತಿದೆ, ಇವುಗಳಲ್ಲಿ ಒಂದು ಕಂಡ್ರೂ ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಕೆಳಗಿರೋ ಮನೆಯವರನ್ನ ಎಬ್ಬಿಸಿ ಎತ್ತರದ ಕಡೆ ಕಳ್ಸಿ, 112ಕ್ಕೆ ಫೋನ್ ಮಾಡಿ, ತೂಬು (ಏರಿಯೊಳಗಿಂದ ನೀರು ಹೊರಗೆ ಬಿಡೋ ಪೈಪ್) ತೆಗೀರಿ, ಪಂಪ್ ಇದ್ರೆ ಹಾಕಿ. ಏರಿ ಮೇಲೆ ನಿಂತ್ಕೊಂಡು ವಿಡಿಯೋ ಮಾಡ್ಬೇಡಿ. ಅಮೆರಿಕದ ಟೀಟನ್ ಡ್ಯಾಮು, 1976ರ ಜೂನ್ 5, ಬೆಳಗ್ಗೆ ಕೆಸರು ನೀರು ಕಂಡಿದ್ದು, ಮಧ್ಯಾಹ್ನ 12 ಹೊಡೆಯೋಕೆ ಮುಂಚೆನೇ ಪೂರ್ತಿ ಒಡೆದುಹೋಯ್ತು, 11 ಜನ ಸತ್ರು. ಅದು ಇಂಜಿನಿಯರ್‌ಗಳು ಲೆಕ್ಕ ಹಾಕಿ ಕಟ್ಟಿದ ಹೊಚ್ಚ ಹೊಸ ಡ್ಯಾಮು, ನಮ್ದು ಎತ್ತಿನ ಗಾಡಿಲಿ ಮಣ್ಣು ಹೊತ್ತು ಹಾಕಿದ್ದು.

ಮರಳಿನ ಬುಗ್ಗೆ ಇನ್ನೂ ಚಿಕ್ಕದಿದ್ರೆ, ಹತ್ರ ಹೋಗೋದು ಸೇಫ್ ಅನ್ಸಿದ್ರೆ ಮಾತ್ರ, ಅದರ ಮೇಲೆ ಮೊದಲು ಮರಳು, ಆಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ ಈ ಆರ್ಡರಲ್ಲೇ ಹಾಕ್ಬೇಕು. ನೀರು ಹೊರಗೆ ಬರ್ಲಿ, ಮಣ್ಣು ಮಾತ್ರ ಒಳಗೇ ಇರ್ಲಿ ಅನ್ನೋದು ಲೆಕ್ಕ, ಕಾಫಿ ಫಿಲ್ಟರ್ ಇದ್ದ ಹಾಗೆ. ಎಂ ಸ್ಯಾಂಡ್ ಆದ್ರೆ ತೊಳೆದಿರೋದು ತರಿಸಿ, ಧೂಳು ಜಾಸ್ತಿ ಇದ್ರೆ ಅದೇ ಕಟ್ಕೊಂಡು ಕೂರುತ್ತೆ. ಪ್ಲಾಸ್ಟಿಕ್ ಹಾಸೋದು, ಜೇಡಿ ಮಣ್ಣು ಮೆತ್ತೋದು, ಸಿಮೆಂಟು, ಇವೆಲ್ಲ ಹಿಂಭಾಗಕ್ಕೆ ಬೇಡವೇ ಬೇಡ.

ಇದ್ಯಾವುದೂ ಇಲ್ಲ, ಬರೀ ಒದ್ದೆ, ತಿಳಿ ನೀರು ಅಂದ್ರೆ ಮುಂದಕ್ಕೆ ಹೋಗಿ.

ನೀರು ಕಟ್ಟೆದೇನಾ?

ಇದು ದಡ್ಡ ಪ್ರಶ್ನೆ ಅನ್ಸುತ್ತೆ, ಆದ್ರೆ ಮಾವ ಮೊದಲು ಹೇಳಿದ್ದು ಡ್ರಿಪ್ ಪೈಪ್ ಒಡೆದಿದೆ ಅಂತ, ಯಾಕಂದ್ರೆ ಬೋರ್‌ವೆಲ್ ಲೈನು ಏರಿ ಬುಡದಲ್ಲೇ ಹಾದು ಹೋಗುತ್ತೆ. ಇಂಥ ಜಗಳ ಬಗೆಹರಿಸೋಕೆ ಬೆಂಗಳೂರಿನ ಅರ್ಧ ಮನೆಯಲ್ಲಿ ಒಂದು ಸಾಮಾನು ಇದ್ದೇ ಇದೆ, ನೀರಲ್ಲಿ ಕರಗಿರೋ ಉಪ್ಪಿನಂಶ ಅಳೆಯೋ ಟಿಡಿಎಸ್ ಮೀಟ್ರು, ಆರ್‌ಓ ಫಿಲ್ಟರ್ ಮಾರೋನು ನಮ್ಮನ್ನ ಹೆದರಿಸೋಕೆ ಗ್ಲಾಸಿನೊಳಗೆ ಇಳಿಬಿಡ್ತಾನಲ್ಲ ಅದೇ ಪೆನ್ನು. ನಮ್ಮ ಕಟ್ಟೆ ನೀರು ಮಳೆ ನೀರು, 190 ತೋರಿಸ್ತು. ಬೋರ್ ನೀರು 740. ಜಿನುಗೋ ನೀರು 260. ಏರಿ ಮಣ್ಣಿನೊಳಗೆ ಹಾದು ಬರೋವಾಗ ಸ್ವಲ್ಪ ಉಪ್ಪು ಕರಗಿಸ್ಕೊಂಡು ಬರೋದ್ರಿಂದ ಒಂಚೂರು ಏರೋದು ಮಾಮೂಲು, ಆದ್ರೆ 740ರ ಹತ್ರ ಹೋಗ್ಲೇ ಇಲ್ಲ. ಬೋರ್ ಎರಡು ದಿನ ಆಫ್ ಮಾಡಿಸಿದ್ವಿ, ಜಿನುಗು ಕಮ್ಮಿ ಆಗ್ಲಿಲ್ಲ. ಡ್ರಿಪ್ ಪೈಪ್ ಕೇಸ್ ಖುಲಾಸೆ. ಇನ್ನೊಂದು, ಮಳೆ ನಿಂತು ಎರಡು ಮೂರು ದಿನ ಕಾದು ನೋಡಿ, ಏರಿ ಇಳಿಜಾರಿಂದ ಹರಿದ ಮಳೆ ನೀರೇ ಬುಡದಲ್ಲಿ ನಿಂತು ಎಷ್ಟೋ ಸಲ ಮೋಸ ಮಾಡುತ್ತೆ.

ಎಲ್ಲಿಂದ ಬರ್ತಿದೆ ಅನ್ನೋದೇ ಅರ್ಧ ಉತ್ತರ

ಮಚ್ಚು ತಗೊಂಡು ಏರಿ ಹಿಂಭಾಗದ ಲಂಟಾನ, ಪಾರ್ಥೇನಿಯಂ ಎಲ್ಲಾ ಸವರಿ. ಗಿಡ ಸವರದೆ ಏರಿ ನೋಡಿದೆ ಅನ್ನೋದು ಕಂಬಳಿ ಹೊದ್ದಿರೋನ ಮೈ ನೋಡಿ ಜ್ವರ ಇಲ್ಲ ಅಂದ ಹಾಗೆ. ನಾವು ಸವರಿದಾಗ ಎರಡು ಹೆಗ್ಗಣದ ಬಿಲ, ಒಂದು ಹುತ್ತ, ಬುಡದಲ್ಲಿ ಮನುಷ್ಯನ ಸೊಂಟದಷ್ಟು ದಪ್ಪದ ಒಂದು ಹೊಂಗೆ ಮರ, ಮತ್ತೆ ಯಾರೂ ನೋಡಿರದ ಇನ್ನೊಂದು ಒದ್ದೆ ಜಾಗ ಸಿಕ್ತು.

ಏರಿ ಬುಡದ ಉದ್ದಕ್ಕೂ ಸಣ್ಣಗೆ ಒದ್ದೆ, ಜೊಂಡು ಬೆಳೆದಿದೆ ಅಂದ್ರೆ ನೀರು ಏರಿಯೊಳಗೆ ಸಮನಾಗಿ ಇಳ್ಕೊಂಡು ಬುಡಕ್ಕೆ ಬರ್ತಿದೆ ಅಂತ ಅರ್ಥ, ಗಾಬರಿ ಬೇಡ, ಕಣ್ಣಿಟ್ಟಿರಿ. ಬುಡ ಬಿಟ್ಟು ಇಳಿಜಾರಿನ ಅರ್ಧ ಎತ್ತರದಲ್ಲೇ ಒದ್ದೆ ಇದ್ರೆ ಏರಿಯ ಹೊಟ್ಟೆ ಪೂರ್ತಿ ನೀರು ಕುಡಿದು ಭಾರ ಆಗಿದೆ, ಆ ಭಾಗ ಜಾರ್ಕೊಂಡು ಬರ್ಬಹುದು, ಇದು ಕೆಟ್ಟದ್ದು. ಏರಿ ದಿಣ್ಣೆಗೆ ಸೇರೋ ಮೂಲೆಲಿ ಬಂದ್ರೆ ಕಟ್ಟಿದಾಗ ಅಲ್ಲಿ ಬೆಸುಗೆ ಸರಿಯಾಗಿ ಕೂತಿಲ್ಲ. ಒಂದೇ ಒಂದು ಜಾಗದಲ್ಲಿ ಧಾರೆ ಥರ ಬರ್ತಿದ್ರೆ ಒಳಗೆ ಒಂದು ದಾರಿ ಆಗಿದೆ, ಆ ದಾರಿ ಬಿಲ ಇರ್ಬಹುದು, ಕೊಳೆತ ಬೇರು ಇರ್ಬಹುದು, ತೂಬಿನ ಪೈಪ್ ಇರ್ಬಹುದು. ನಮ್ದು ಧಾರೆ. ತೂಬಿನ ಬಾಯಿಂದ ಎಂಟು ಅಡಿ ದೂರ.

ಮರದ ಬಗ್ಗೆ ಒಂದು ಮಾತು, ಏರಿ ಮೇಲಿನ ದೊಡ್ಡ ಮರನ ಕಂಡ ತಕ್ಷಣ ಜೆಸಿಬಿ ತಂದು ಬೇರು ಸಮೇತ ಕೀಳಿಸ್ಬೇಡಿ. ಬೇರು ಏರಿ ಒಳಗೆ ಎಷ್ಟು ದೂರ ಹೋಗಿದ್ಯೋ ಅಷ್ಟು ದೂರ ಸಡಿಲ ಆಗುತ್ತೆ. ಕಡಿದು ಹಾಗೇ ಬಿಟ್ರೂ ಕೆಲವು ವರ್ಷದಲ್ಲಿ ಬೇರು ಕೊಳೆತು ಕೊಳವೆ ಆಗುತ್ತೆ. ಬೆರಳು ದಪ್ಪದ ಗಿಡ ಈಗಲೇ ಕೀಳಿ, ದೊಡ್ಡ ಮರಕ್ಕೆ ಕಟ್ಟೆ ಇಳಿಸಿ, ಬೇರು ತೆಗೆದು, ಮಣ್ಣು ದಮ್ಮಸ್ಸು ಮಾಡಿ ತುಂಬೋ ಪ್ಲಾನ್ ಇದ್ದಾಗ ಮಾತ್ರ ಕೈ ಹಾಕಿ. ಬರೀ ಗರಿಕೆ ಇರೋ ಏರಿ ಒಳ್ಳೇ ಏರಿ.

ಬಿಲದ ವಿಷಯ ತಮಾಷೆ ಅಲ್ಲ, ಆದ್ರೆ ತಮಾಷೆನೂ ಆಗಿದೆ, 2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಡ್ಯಾಮ್ ಒಡೆದು ಜನ ಕೊಚ್ಕೊಂಡು ಹೋದಾಗ ಅಲ್ಲಿನ ಮಂತ್ರಿಯೊಬ್ರು ಏಡಿಗಳ ಮೇಲೆ ತಪ್ಪು ಹೊರಿಸಿದ್ರು. ಏಡಿ ಬಿಲ ತೋಡೋದು ನಿಜ, ಆದ್ರೆ ಬಿಲ ನೋಡಿ ಮುಚ್ಚಬೇಕಾದೋರು ಏಡಿಗಳಲ್ಲ. ನಮ್ಮ ಹುತ್ತದ ಕಥೆ ಬೇರೆ, ಅದಕ್ಕೆ ಅತ್ತೆ ನಾಗರ ಪಂಚಮಿಗೆ ಹಾಲೆರೀತಾರೆ, ಅದನ್ನ ಮುಟ್ಟೋ ಧೈರ್ಯ ನನಗಿನ್ನೂ ಬಂದಿಲ್ಲ, ಸದ್ಯಕ್ಕೆ ಅದು ನೀರಿನ ಮಟ್ಟಕ್ಕಿಂತ ಮೇಲಿದೆ ಅನ್ನೋದೇ ಸಮಾಧಾನ.

ಬಕೆಟ್, ಮೊಬೈಲ್, ನೋಟ್‌ಬುಕ್

ಇಲ್ಲಿಂದ ಮುಂದೆ ಅಭಿಪ್ರಾಯ ಯಾವುದೂ ನಡೆಯಲ್ಲ, ನಂಬರ್ ಬೇಕು. ಜಿನುಗೋ ಜಾಗದ ಕೆಳಗೆ ಚಿಕ್ಕದಾಗಿ ಮಣ್ಣಿನ ಬದು ಕಟ್ಟಿ ಒಂದು ಪಿವಿಸಿ ಪೈಪ್ ತುಂಡು ಇಟ್ರೆ ನೀರೆಲ್ಲ ಒಂದು ಬಾಯಿಂದ ಬೀಳುತ್ತೆ, ಬದು ಜಿನುಗೋ ಬಾಯನ್ನ ಮುಳುಗಿಸಬಾರದು ಅಷ್ಟೇ. ಹದಿನೈದು ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತೆ ನೋಡಿ. ಕಟ್ಟೆ ಒಳಗೆ ಒಂದು ಕಂಬ ನೆಟ್ಟು ಇಂಚಿಂಚಿಗೆ ಪೇಂಟ್ ಗೆರೆ ಹಾಕಿ. ದಿನಾ ಬೆಳಗ್ಗೆ ಒಂದೇ ಟೈಮಿಗೆ ನೀರಿನ ಮಟ್ಟ, ಬಕೆಟ್ ಸೆಕೆಂಡು, ಹಿಂದಿನ ದಿನದ ಮಳೆ ಬರೀರಿ. ಒಂದು ಗಾಜಿನ ಬಾಟಲಿಲಿ ಜಿನುಗು ನೀರು ಹಿಡಿದು ಡೇಟ್ ಬರೆದು ಕಿಟಕಿ ಮೇಲೆ ಇಡಿ, ಮಾರನೇ ದಿನ ತಳದಲ್ಲಿ ಮಣ್ಣು ಕೂತಿದ್ಯಾ ನೋಡಿ. ಕಣ್ಣಿಗೆ ತಿಳಿ ಕಾಣೋ ನೀರಲ್ಲೂ ನುಣ್ಣನೆ ಗೋಡು ಇರ್ಬಹುದು.

ಬಕೆಟಿಗೆ ಆಗದಷ್ಟು ನೀರಿದ್ರೆ ತಗಡಿನಲ್ಲಿ 90 ಡಿಗ್ರಿಯ ವಿ ಆಕಾರ ಕತ್ತರಿಸಿ ಕಾಲುವೆಗೆ ಅಡ್ಡ ನಿಲ್ಸಿ. ವಿ ಮೂಲೆಯಿಂದ ನೀರು 5 ಸೆಂಟಿಮೀಟರ್ ಎತ್ತರ ಹರೀತಿದ್ರೆ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್, 10 ಸೆಂಟಿಮೀಟರ್ ಆದ್ರೆ ನಾಲ್ಕು ಲೀಟರ್ ದಾಟುತ್ತೆ. ಎತ್ತರ ಡಬಲ್ ಆದ್ರೆ ನೀರು ಐದೂವರೆ ಪಟ್ಟು ಆಗುತ್ತೆ, ಹಾಗಾಗಿ ಒಂದು ಸೆಂಟಿಮೀಟರ್ ವ್ಯತ್ಯಾಸನೂ ಹಗುರವಾಗಿ ತಗೋಬೇಡಿ. ಅಳೆಯೋ ಸ್ಕೇಲನ್ನ ತಗಡಿನ ಹತ್ರ ಇಡದೆ ಸ್ವಲ್ಪ ಹಿಂದೆ ಇಡಿ, ತಗಡಿನ ಹತ್ರ ನೀರು ಇಳಿದಿರುತ್ತೆ.

ನಮ್ಮ ನೋಟ್‌ಬುಕ್ ಹೀಗಿತ್ತು. ಮೊದಲ ದಿನ ಬಕೆಟ್ 55 ಸೆಕೆಂಡು. ಮಳೆ ನಿಂತ್ಮೇಲೆ ತೂಬಲ್ಲಿ ನೀರು ಬಿಟ್ಟು ಕಟ್ಟೆ ಒಂದಡಿ ಇಳಿದಾಗ 80 ಸೆಕೆಂಡು. ಅಂದ್ರೆ ಮಟ್ಟದ ಜೊತೆ ಜಿನುಗೂ ಏರಿಳೀತಿದೆ, ಇದು ಕಟ್ಟೆ ನೀರೇ ಅನ್ನೋದಕ್ಕೆ ಎರಡನೇ ಸಾಕ್ಷಿ. ಆಮೇಲೆ ಎರಡು ದಿನ ಮಳೆ ಹೊಡೆದು ಕಟ್ಟೆ ಮತ್ತೆ ಮೊದಲ ದಿನದ ಗೆರೆಗೇ ಬಂತು, ಮಳೆ ನಿಂತು ಮೂರನೇ ದಿನ ಬಕೆಟ್ ಇಟ್ರೆ 41 ಸೆಕೆಂಡು. ಅದೇ ಮಟ್ಟ, ಜಾಸ್ತಿ ನೀರು. ಈ ಒಂದು ಸಾಲು ನೋಡಿ ನನಗೆ ಬೆವರು ಬಂತು, ಯಾಕಂದ್ರೆ ಮಟ್ಟ ಅಷ್ಟೇ ಇದ್ದು ನೀರು ಹೆಚ್ಚಿದ್ರೆ ಒಳಗಿನ ದಾರಿ ಅಗಲ ಆಗ್ತಿದೆ ಅಂತ. ಬಾಟಲಿ ತಳದಲ್ಲೂ ಉಗುರಿನ ಅಂಚಷ್ಟು ಕೆಂಪು ಗೋಡು ಕೂತಿತ್ತು.

ತೂಬು

ತಾತನ ಹತ್ರ ಹೋಗಿ ಕಿವಿ ಹತ್ರ ಕೂಗಿ ಕೇಳಿದೆ, ತೂಬಿಗೆ ಯಾವ ಪೈಪ್ ಹಾಕಿದ್ರಿ ತಾತ ಅಂತ. "ಪೈಪ್ ಎಲ್ಲಿಂದ ತರೋದಪ್ಪ, ಹಳೇ ಬೋರ್‌ವೆಲ್ ಕೇಸಿಂಗು, ವೆಲ್ಡಿಂಗ್ ಮಾಡಿ ಇಟ್ವಿ" ಅಂದ್ರು. ನಲವತ್ತು ವರ್ಷದ ಕಬ್ಬಿಣ, ಸುತ್ತ ಒದ್ದೆ ಮಣ್ಣು. ಇದರ ಮೇಲೆ ಇನ್ನೊಂದು, ವಾಲ್ವ್ ಇರೋದು ಏರಿ ಹಿಂಭಾಗದಲ್ಲಿ, ತಿರುಗಿಸೋಕೆ ಸುಲಭ ಅಂತ. ಹಾಗಿದ್ರೆ ವಾಲ್ವ್ ಮುಚ್ಚಿದಾಗ್ಲೂ ಏರಿಯೊಳಗಿನ ಪೂರ್ತಿ ಪೈಪಿನಲ್ಲಿ ಕಟ್ಟೆಯ ಅಷ್ಟೂ ಒತ್ತಡ ವರ್ಷ ಪೂರ್ತಿ ನಿಂತಿರುತ್ತೆ, ಎಲ್ಲಾದ್ರೂ ತೂತಾದ್ರೆ ನೀರು ನೇರ ಏರಿಯ ಹೊಟ್ಟೆಗೆ ಚಿಮ್ಮುತ್ತೆ. ವಾಲ್ವ್ ನೀರಿನ ಕಡೆ ಇದ್ರೆ ಮುಚ್ಚಿದಾಗ ಪೈಪ್ ಖಾಲಿ. ನಿಮ್ಮ ತೋಟದ ಕಟ್ಟೆಗೆ ವಾಲ್ವ್ ಯಾವ ಕಡೆ ಇದೆ ಅಂತ ಇವತ್ತೇ ಹೋಗಿ ನೋಡಿ.

ಟೆಸ್ಟ್ ಸಿಂಪಲ್ಲು, ಆದ್ರೆ ಹುಷಾರು. ವಾಲ್ವ್ ಪೂರ್ತಿ ಮುಚ್ಚಿ, ಸೊಂಟಕ್ಕೆ ಹಗ್ಗ ಕಟ್ಟಿದ ಈಜು ಬಲ್ಲ ಹುಡುಗ ನೀರಿನ ಕಡೆಯ ಪೈಪ್ ಬಾಯಿಗೆ ಟಾರ್ಪಾಲ್ ಸುತ್ತಿದ ಜೇಡಿ ಮಣ್ಣಿನ ಮೂಟೆ ಒತ್ತಿ ಬಂದ. ವಾಲ್ವ್ ತೆಗೆದಿರೋವಾಗ ಯಾರನ್ನೂ ಆ ಬಾಯಿ ಹತ್ರ ಬಿಡ್ಬೇಡಿ, ಎಳ್ಕೊಂಡು ಕಚ್ಚಿ ಹಿಡಿದ್ರೆ ಬಿಡಿಸೋಕೆ ಆಗಲ್ಲ. ಎರಡು ದಿನಕ್ಕೆ ಬಕೆಟ್ 41 ಸೆಕೆಂಡಿಂದ ಐದು ನಿಮಿಷಕ್ಕೆ ಹೋಯ್ತು. ಆಮೇಲೆ ವಾಲ್ವ್ ತೆಗೆದು ಪೈಪ್ ಖಾಲಿ ಮಾಡಿ ಬೋರ್‌ವೆಲ್ ಕ್ಯಾಮೆರಾದವರನ್ನ ಕರೆಸಿದ್ವಿ, ಬಿದ್ದ ಮೋಟರ್ ಹುಡುಕೋಕೆ ಬರ್ತಾರಲ್ಲ ಅವರನ್ನೇ, ಕೇಬಲ್ಲನ್ನ ಪಿವಿಸಿ ಪೈಪಿಗೆ ಕಟ್ಟಿ ಅಡ್ಡಕ್ಕೆ ತಳ್ಳಿದ್ರು. 22 ಅಡಿ ಒಳಗೆ ವೆಲ್ಡಿಂಗ್ ಜಾಯಿಂಟ್ ತಿಂದುಹೋಗಿ ತೂತು, ತೂತಿನ ಆಚೆ ಮಣ್ಣೇ ಇಲ್ಲ, ಕತ್ತಲು. ಮಾವ ಸ್ಕ್ರೀನ್ ನೋಡ್ತಾ ತುಂಬಾ ಹೊತ್ತು ಮಾತಾಡ್ಲಿಲ್ಲ.

ನೀರಾವರಿ ಇಲಾಖೆಯಿಂದ ರಿಟೈರ್ ಆದ ಇಂಜಿನಿಯರ್ ಒಬ್ರು ಬಂದು ಎರಡು ದಾರಿ ಹೇಳಿದ್ರು. ಹಳೇ ಪೈಪಿಗೆ ಸಿಮೆಂಟ್ ಗ್ರೌಟ್ ತುಂಬಿ ಶಾಶ್ವತವಾಗಿ ಮುಚ್ಚಿ ಏರಿ ಮೇಲಿಂದ ಸೈಫನ್ (ನೀರನ್ನ ಏರಿ ದಾಟಿಸಿ ಆಚೆ ಇಳಿಸೋ ಬಾಗಿದ ಪೈಪ್) ಇಡೋದು ಒಂದು. ಏರಿನ ಆ ಭಾಗ ಬಿಚ್ಚಿ ಹೊಸ ಪೈಪನ್ನ ಕಾಂಕ್ರೀಟ್ ಸುತ್ತುಹಾಕಿ ಇಟ್ಟು, ಹಿಂಭಾಗದ ಕಡೆ ಪೈಪ್ ಸುತ್ತ ಮರಳಿನ ಫಿಲ್ಟರ್ ಕೊಟ್ಟು, ಆರಾರು ಇಂಚಿನ ಪದರಕ್ಕೆ ನೀರು ಹದ ನೋಡಿ ದಮ್ಮಸ್ಸು ಮಾಡ್ತಾ ಬರೋದು ಇನ್ನೊಂದು. ಪೈಪ್ ಸುತ್ತ ಪೊಳ್ಳು ಆಗಿದ್ರಿಂದ ಎರಡನೇದೇ ಆಯ್ಕೆ ಆಯ್ತು. ಬೇಸಿಗೆವರೆಗೂ ಕಾದ್ವಿ, ಅಲ್ಲಿವರೆಗೂ ಮಟ್ಟ ಕೆಳಗೇ ಇಟ್ವಿ. ಕಟ್ಟೆ ಇಳಿಸೋವಾಗ್ಲೂ ದಿನಕ್ಕೆ ಒಂದಡಿಗಿಂತ ಜಾಸ್ತಿ ಇಳಿಸ್ಬೇಡಿ ಅಂದ್ರು, ಹೊರಗಿನ ನೀರು ಬೇಗ ಹೋಗಿ ಮಣ್ಣಿನೊಳಗಿನ ನೀರು ಅಲ್ಲೇ ಉಳಿದ್ರೆ ನೀರಿನ ಕಡೆಯ ಇಳಿಜಾರು ಕುಸಿಯುತ್ತೆ.

ಹುಡುಕ್ತಿದ್ದಿದ್ದು ಒಂದು, ಸಿಕ್ಕಿದ್ದು ಇನ್ನೊಂದು

ಮೇಸ್ತ್ರಿಗಳ ಹತ್ರ ಇರೋ ಪಾರದರ್ಶಕ ಲೆವೆಲ್ ಪೈಪ್ ಇಸ್ಕೊಂಡು ಏರಿ ಮೇಲೆ ಉದ್ದಕ್ಕೂ ಮಟ್ಟ ಹಿಡಿದ್ವಿ. ಟ್ರ್ಯಾಕ್ಟರ್ ಹತ್ತಿ ಇಳಿಯೋ ಜಾಗದಲ್ಲಿ ಏರಿ ಒಂದಡಿ ನಾಲ್ಕಿಂಚು ತಗ್ಗಿದೆ. ಅಂದ್ರೆ ನೀರು ಏರಿ ಮೇಲೆ ಹತ್ತಿದ್ರೆ ಪೂರ್ತಿ ಅಲ್ಲಿಂದಲೇ ನುಗ್ಗುತ್ತೆ. ಅಲ್ಲೇ ಏರಿಗೆ ಅಡ್ಡಡ್ಡಕ್ಕೆ ಒಂದು ಬಿರುಕೂ ಇತ್ತು. ಉದ್ದಕ್ಕೆ ಬಿರುಕು ಬಿಟ್ರೆ ಇಳಿಜಾರು ಜಾರ್ತಿರಬಹುದು ಇಲ್ಲಾ ಒಣಗಿ ಬಿಟ್ಟಿರಬಹುದು, ಅಡ್ಡಕ್ಕೆ ಬಿಟ್ರೆ ಅದು ನೀರಿಗೆ ಆಚೆ ಈಚೆ ಹಾಸಿಕೊಟ್ಟ ದಾರಿ. ಆಳ ಎಷ್ಟು ಅಂತ ನೋಡೋಕೆ ಸುಣ್ಣದ ನೀರು ಸುರಿದು ಆಮೇಲೆ ಅಗೆದ್ರೆ ಬಿಳಿ ಗೆರೆ ಎಲ್ಲಿವರೆಗೂ ಹೋಗಿದೆ ಕಾಣುತ್ತೆ. ನಮ್ದು ಎರಡಡಿಗೆ ನಿಂತಿತ್ತು, ಅಗೆದು ತುಂಬಿದ್ವಿ.

ಆಮೇಲೆ ಕೋಡಿ, ಅಂದ್ರೆ ಕಟ್ಟೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯೋ ಜಾಗ. ಕೋಡಿ ಅಗಲ ಹತ್ತಡಿ, ಮೀನು ಹೋಗ್ಬಾರ್ದು ಅಂತ ಮಾವ ಬಲೆ ಕಟ್ಟಿ, ಇನ್ನೊಂದಡಿ ನೀರು ನಿಲ್ಲಲಿ ಅಂತ ಮರಳು ಮೂಟೆ ಬೇರೆ ಪೇರಿಸಿದ್ರು. ನಮ್ಮ ಕಟ್ಟೆಗೆ ನೀರು ಬರೋ ಜಾಗ ಸುಮಾರು ಅರವತ್ತು ಎಕರೆ, ಒಂದು ಗಂಟೆಲಿ 50 ಮಿಲಿಮೀಟರ್ ಹೊಡೆದು ಅರ್ಧ ಹರಿದು ಬಂದ್ರೂ ಸೆಕೆಂಡಿಗೆ 1.7 ಘನ ಮೀಟರ್. ಹತ್ತಡಿ ಕೋಡಿ ಮೇಲೆ ಒಂದೂವರೆ ಅಡಿ ನೀರು ಹರಿದ್ರೆ ಹೋಗೋದು ಒಂದೂವರೆ ಘನ ಮೀಟರ್, ಅದೂ ಬಲೆ ಇಲ್ದಿದ್ರೆ. ಮೇಲಿನ ಹೊಲಗಳಿಗೂ ಈಗ ಸೈಟು, ರೋಡು ಬರ್ತಿದೆ, ಅರ್ಧ ಅಲ್ಲ, ಮುಕ್ಕಾಲು ನೀರು ಹರಿದು ಬರೋ ಕಾಲ ದೂರ ಇಲ್ಲ. ಹವಾಯಿಯಲ್ಲಿ ಕಾ ಲೋಕೋ ಅಂತ ಒಂದು ಖಾಸಗಿ ಮಣ್ಣಿನ ಡ್ಯಾಮು, 2006ರ ಮಾರ್ಚ್ 14ರಂದು ಮಳೆಗೆ ಒಡೆದು 7 ಜನ ಸತ್ರು, ತನಿಖೆಲಿ ಮುಖ್ಯವಾಗಿ ಬಂದಿದ್ದು ಕೋಡಿನ ಮಣ್ಣು ತುಂಬಿ ಮುಚ್ಚಲಾಗಿತ್ತು ಅನ್ನೋದು. ಅಷ್ಟು ದೂರ ಯಾಕೆ, 2019ರ ನವೆಂಬರ್ 24ರ ಭಾನುವಾರ ನಮ್ಮ ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗೆ ನೀರು ನುಗ್ಗಿದ್ದನ್ನ ಈ ಕಡೆಯವರು ಯಾರೂ ಮರೆತಿಲ್ಲ.

ಯಾರಾದ್ರೂ ಸರ್ಕಾರದವರು ಬಂದು ನೋಡ್ತಾರೆ ಅಂತ ಕಾಯ್ತಿದ್ರೆ ಹೇಳ್ಬಿಡ್ತೀನಿ, 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ್ದಕ್ಕೆ, ಇಲ್ಲಾ 10ರಿಂದ 15 ಮೀಟರ್ ಇದ್ದು ಉದ್ದ, ನೀರಿನ ಪ್ರಮಾಣ ಹೀಗೆ ಕೆಲವು ಷರತ್ತಿಗೆ ಬರೋದಕ್ಕೆ ಮಾತ್ರ. ನಮ್ಮ ಹದಿನಾರು ಅಡಿ ಅಂದ್ರೆ ಐದು ಮೀಟರೂ ಇಲ್ಲ. ನೋಡ್ಕೋಬೇಕಾದೋರು ನಾವೇ. ಕೆಳಗಿನ ಲೇಔಟಿನ ಅಸೋಸಿಯೇಷನ್ನಿಗೆ ವಿಷಯ ಹೇಳಿ ಅಂದ್ರೆ ಮಾವ ಮೊದಲು ಒಪ್ಲಿಲ್ಲ, "ಸುಮ್ನೆ ಹೆದರಿಸಿದ ಹಾಗಾಗುತ್ತೆ, ಕೇಸ್ ಹಾಕ್ತಾರೆ ಕಣೋ" ಅಂದ್ರು. ನಾನೇ ಹೋಗಿ ಸೆಕ್ರೆಟರಿ ನಂಬರ್ ತಗೊಂಡು ಬಂದೆ, ಈಗ ಜೋರು ಮಳೆ ಬಂದ್ರೆ ಅವರೇ ಫೋನ್ ಮಾಡಿ ಕಟ್ಟೆ ಹೇಗಿದೆ ಸಾರ್ ಅಂತ ಕೇಳ್ತಾರೆ.

ಹೊಸ ಪೈಪ್ ಹಾಕಿ ಒಂದು ಮುಂಗಾರು ಕಳೀತು, ವಾಲ್ವ್ ಈಗ ನೀರಿನ ಕಡೆ ಇದೆ. ಕಟ್ಟೆ ಅದೇ ಹಳೇ ಗೆರೆಗೆ ಬಂದಾಗ ಬಕೆಟ್ ತುಂಬೋಕೆ ಆರು ನಿಮಿಷ, ಬಾಟಲಿ ತಳ ಕ್ಲೀನು. ಟ್ರ್ಯಾಕ್ಟರ್ ದಾರಿ ಬದಲಾಯಿಸಿ ತಗ್ಗು ತುಂಬಿಸಿದ್ದಾಯ್ತು. ಕೋಡಿ ಮೇಲಿನ ಮೂಟೆಗಳನ್ನ ಮಾತ್ರ ನಾನು ಹೋದಾಗ ತೆಗೆಸ್ತೀನಿ, ಮುಂದಿನ ಸಲ ಹೋಗೋವಷ್ಟರಲ್ಲಿ ಎರಡು ಮತ್ತೆ ಕೂತಿರುತ್ತೆ. ಕೇಳಿದ್ರೆ ಮಾವ, "ಎರಡೇ ಕಣೋ, ಕಾಟ್ಲಾ ಮೀನು ಇನ್ನೂ ಚಿಕ್ಕದು" ಅಂತಾರೆ.